‘ಹೆಂಗ ಗೊತ್ತಾಯ್ತ್ರಿ?’ ಎಂದು ಕೇಳುವುದು

ಕಲಬುರಗಿಯ ಯಾವುದೇ ಡಿಗ್ರಿ ಕಾಲೇಜಿಗೆ ಹೋಗಿ ಸಂಶೋಧನೆ ಅಂದರೇನು ಅಂತ ಕೇಳಿ ನೋಡಿ. ಹೆಚ್ಚಾಗಿ ಎರಡು ಉತ್ತರ ಬರುತ್ತವೆ. ‘ಪಿಎಚ್‌ಡಿ ರೀ ಸರ’ ಅನ್ನೋದು ಒಂದು. ‘ಗೂಗಲ್‌ದಾಗ ಹುಡುಕೋದ್ರಿ’ ಅನ್ನೋದು ಇನ್ನೊಂದು. ಮೊದಲನೆಯದು ಎಲ್ಲೋ ದೂರದ ಮಾತು. ನೆಟ್ ಪರೀಕ್ಷೆ ಪಾಸಾಗಬೇಕು, ಗೈಡ್ ಸಿಗಬೇಕು, ದಪ್ಪ ಪ್ರಬಂಧ ಬರೆಯಬೇಕು. ಎರಡನೆಯದು ಅಂಗೈಯಲ್ಲೇ ಇದೆ, ಅರ್ಧ ನಿಮಿಷದ ಕೆಲಸ. ಇವೆರಡರ ನಡುವೆ ಎಷ್ಟು ದೊಡ್ಡ ಬಯಲಿದೆ ಅಂತ ಯಾರೂ ಅವರಿಗೆ ತೋರಿಸಿಲ್ಲ.

ವಿಮರ್ಶಾತ್ಮಕ ಚಿಂತನೆಯ, ಅಂದರೆ ಕೇಳಿದ್ದನ್ನು ಪರೀಕ್ಷಿಸಿ ನೋಡುವ ಯೋಚನೆಯ, ಪಾಡು ಇನ್ನೂ ತಮಾಷೆಯದು. ಅದು ಸಿಲೆಬಸ್‌ನಲ್ಲಿ ಒಂದು ಪಾಠವಾಗಿ ಬಂದು ಕೂತಿದೆ. ಅದರ ಹಂತಗಳನ್ನು ಹುಡುಗರು ಬಾಯಿಪಾಠ ಮಾಡುತ್ತಾರೆ, ಐದು ಅಂಕಕ್ಕೆ ಬರೆಯುತ್ತಾರೆ, ಸಂಜೆಗೆ ಮರೆಯುತ್ತಾರೆ. ಯೋಚನೆ ಮಾಡುವುದು ಹೇಗೆ ಅನ್ನೋದನ್ನೂ ಯೋಚನೆ ಮಾಡದೆ ಕಲಿಯಬಹುದು ಅಂತ ನಮ್ಮ ಪರೀಕ್ಷೆಗಳು ಸಾಬೀತು ಮಾಡಿವೆ.

ನಾನು ಇಲ್ಲೇ ಪಾಠ ಮಾಡುವವನು. ‘ಈ ಭಾಗದ ಹುಡುಗರಿಗೆ ಕುತೂಹಲವೇ ಇಲ್ಲ’ ಎಂಬ ಮಾತನ್ನು ಸ್ಟಾಫ್ ರೂಮಿನಲ್ಲಿ ಆಗಾಗ ಕೇಳುತ್ತೇನೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಇದೇ ಹುಡುಗರು ಕ್ರಿಕೆಟ್ ಬಗ್ಗೆ ಜಗಳ ಆಡುವುದನ್ನು ಕೇಳಿ. ಒಬ್ಬ ಬ್ಯಾಟರ್‌ನ ಸರಾಸರಿ ಹೇಳಿದರೆ ಇನ್ನೊಬ್ಬ ತಕ್ಷಣ ಹಿಡಿಯುತ್ತಾನೆ. ಯಾವ ಪಿಚ್ ಮೇಲೆ? ಎಂಥ ಬೌಲರ್‌ಗಳ ಎದುರು? ಎಷ್ಟು ಮ್ಯಾಚ್‌ನಲ್ಲಿ? ಇದಕ್ಕಿಂತ ಒಳ್ಳೆಯ ವಿಮರ್ಶೆ ಬೇಕೇ? ಅದೇ ಹುಡುಗ ಕ್ಲಾಸಿಗೆ ಬಂದು ಕೂತರೆ ಅವನ ಹತ್ತಿರ ಉಳಿಯುವುದು ಒಂದೇ ಪ್ರಶ್ನೆ: ‘ಸರ, ಇದು ಎಕ್ಸಾಮಿಗಿ ಬರ್ತದೇನ್ರಿ?’

ಅಂದರೆ ಬುದ್ಧಿ ಇದೆ, ಅಭ್ಯಾಸವೂ ಇದೆ. ಅದನ್ನು ಪುಸ್ತಕದ ಮೇಲೆ, ಸುದ್ದಿಯ ಮೇಲೆ, ದೊಡ್ಡವರ ಮಾತಿನ ಮೇಲೆ ಬಳಸಬಹುದು ಎಂಬ ಧೈರ್ಯ ಮಾತ್ರ ಇಲ್ಲ. ವಿಷಯ ನಿಜಕ್ಕೂ ಅಷ್ಟು ಕಷ್ಟದ್ದೂ ಅಲ್ಲ. ಯಾರೇ ಏನೇ ಹೇಳಲಿ, ‘ಹೆಂಗ ಗೊತ್ತಾಯ್ತ್ರಿ?’ ಅಂತ ಕೇಳುವುದರಿಂದ ಅದು ಶುರುವಾಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳಲ್ಲೇ ಇದಕ್ಕೆ ಬೇಕಾದಷ್ಟು ಉದಾಹರಣೆಗಳಿವೆ.

ಬೂದಿ ದಿಬ್ಬದ ಜಗಳ

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಬೂದಿಹಾಳ ಅಂತ ಒಂದು ಊರಿದೆ. ಅಲ್ಲಿ ಹಳೆಯ ಕಾಲದ ಬೂದಿ ದಿಬ್ಬ ಇದೆ. ಇಂಥವು ರಾಯಚೂರು, ಬಳ್ಳಾರಿ ಕಡೆ ಇನ್ನೂ ಜಾಸ್ತಿ. ಕೆಲವು ದಿಬ್ಬಗಳು ಬಹಳ ದೊಡ್ಡವು. ಕೆಲವೆಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಇಷ್ಟೊಂದು ಬೂದಿ ಎಲ್ಲಿಂದ ಬಂತು?

ಬಳ್ಳಾರಿ ಹತ್ತಿರದ ಕುಡತಿನಿಯ ದಿಬ್ಬವನ್ನು ಜನ ರಾಕ್ಷಸನನ್ನು ಸುಟ್ಟ ಬೂದಿ ಅನ್ನುತ್ತಿದ್ದರು. 19ನೇ ಶತಮಾನದಲ್ಲಿ ಬಂದು ನೋಡಿದ ಇಂಗ್ಲಿಷರು ತಮ್ಮ ತಮ್ಮ ಊಹೆ ಮುಂದಿಟ್ಟರು. ಜ್ವಾಲಾಮುಖಿ ಇರಬೇಕು ಅಂತ ಒಂದು ವಾದ. ಲೋಹ ಕರಗಿಸಿದ ಕುಲುಮೆ ಇರಬೇಕು ಅಂತ ಇನ್ನೊಂದು. ಯುದ್ಧದಲ್ಲಿ ಸತ್ತವರ ಸಾಮೂಹಿಕ ಚಿತೆ ಅಂತ ಮತ್ತೊಂದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ, ಇದು ಹಳೆಯ ಕಾಲದ ದನಗಾಹಿಗಳು ಸುಟ್ಟ ಸಗಣಿ ಅಂದ. ರಾಕ್ಷಸ, ಜ್ವಾಲಾಮುಖಿಗಳ ಎದುರು ಸಗಣಿ! ಕೇಳುವವರಿಗೆ ಇದು ಸಪ್ಪೆ ಅನಿಸಿರಬೇಕು.

ಈಗ ನೀವೇ ಯೋಚಿಸಿ. ಇಷ್ಟು ಊಹೆಗಳಲ್ಲಿ ಯಾವುದು ಸರಿ ಅಂತ ತೀರ್ಮಾನ ಮಾಡುವುದು ಹೇಗೆ? ಹೇಳಿದವನ ಹುದ್ದೆ ನೋಡಿಯೇ? ಕೈ ಎತ್ತಿಸಿಯೇ? ಅದಕ್ಕೊಂದು ಸರಳ ದಾರಿ ಇದೆ. ಪ್ರತಿ ಊಹೆಗೂ, ‘ನೀನು ಸರಿ ಇದ್ದರೆ ಇಲ್ಲಿ ಇನ್ನೇನು ಕಾಣಬೇಕಿತ್ತು?’ ಅಂತ ಕೇಳುವುದು. ಜ್ವಾಲಾಮುಖಿ ಆಗಿದ್ದರೆ ಅದರ ಬಾಯಿ, ಲಾವಾ ಹರಿದ ಗುರುತು ಪಕ್ಕದಲ್ಲೇ ಇರಬೇಕು. ಕುಲುಮೆ ಆಗಿದ್ದರೆ ಅದಿರು, ಕಿಟ್ಟ ಸಿಗಬೇಕು. ಚಿತೆಯಾಗಿದ್ದರೆ ರಾಶಿ ರಾಶಿ ಮನುಷ್ಯರ ಮೂಳೆ ಸಿಗಬೇಕು. ದನದ ಕೊಟ್ಟಿಗೆ ಆಗಿದ್ದರೆ?

1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ಪುರಾತತ್ವಜ್ಞ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದ್ದೇ ದಿಬ್ಬ ಅಗೆದ. ಅಲ್ಲಿ ದನದ ಗೊರಸಿನ ಗುರುತು ಸಿಕ್ಕವು. ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗಲೂ ಅದು ಸಗಣಿಯ ಬೂದಿ ಅಂತಲೇ ಬಂತು. ಮುಂದೆ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ತಂಡ ನಮ್ಮ ಬೂದಿಹಾಳವನ್ನೇ ಅಗೆಯಿತು. ಬರೀ ಬೂದಿ ಅಲ್ಲ, ಪಕ್ಕದಲ್ಲಿ ಜನ ಬದುಕಿದ್ದ ಜಾಗ, ದನ ಕಟ್ಟುತ್ತಿದ್ದ ಜಾಗ, ಪ್ರಾಣಿ ಕಡಿಯುತ್ತಿದ್ದ ಜಾಗ ಎಲ್ಲವೂ ಸಿಕ್ಕವು. ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಒಂದು ಇಡೀ ಊರೇ ಎದ್ದು ಬಂತು.

ಅಲ್ಲಿಗೆ ಕಥೆ ಮುಗಿಯಿತೇ? ಇಲ್ಲ. ಇಷ್ಟು ಸಗಣಿಯನ್ನು ಅವರು ಸುಟ್ಟಿದ್ದೇಕೆ ಅಂತ ಈಗಲೂ ವಾದ ನಡೆದಿದೆ. ಹಬ್ಬಕ್ಕೆ ಸುಡುತ್ತಿದ್ದರು ಅನ್ನುವವರಿದ್ದಾರೆ. ಕೊಟ್ಟಿಗೆ ಸ್ವಚ್ಛ ಮಾಡಲು ಅನ್ನುವವರೂ ಇದ್ದಾರೆ. ವಿದ್ಯಾರ್ಥಿಗಳಿಗೆ ಇದು ಸರಿಬರುವುದಿಲ್ಲ. ‘ಕೊನಿಗಿ ಆನ್ಸರ್ ಏನ್ರಿ ಸರ?’ ಅನ್ನುತ್ತಾರೆ. ಆನ್ಸರ್ ಕೀ ಇಲ್ಲದ ಪ್ರಶ್ನೆಯನ್ನು ಅವರು ಜೀವನದಲ್ಲಿ ಮೊದಲ ಸಲ ನೋಡುತ್ತಿರುತ್ತಾರೆ. ಸಂಶೋಧನೆ ಇರುವುದೇ ಅಂಥ ಪ್ರಶ್ನೆಗಳಿಗಾಗಿ. ಜ್ವಾಲಾಮುಖಿಯ ಬಾಗಿಲು ಮುಚ್ಚಿತು, ಕುಲುಮೆಯದು ಮುಚ್ಚಿತು, ಇನ್ನೊಂದು ಬಾಗಿಲು ತೆರೆದಿದೆ. ಪೂರ್ತಿ ಗೊತ್ತಿಲ್ಲ ಅಂದ ಮಾತ್ರಕ್ಕೆ ಏನೂ ಗೊತ್ತಿಲ್ಲ ಅಂತ ಆಗುವುದಿಲ್ಲ.

2, 4, 6

ನನ್ನ ಕ್ಲಾಸಿನಲ್ಲಿ ನಾನು ಮಾಡಿಸುವ ಒಂದು ಆಟ ಇದೆ. ಆಟ ನನ್ನದಲ್ಲ. ಲಂಡನ್ನಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗ. ಬೋರ್ಡಿನ ಮೇಲೆ 2, 4, 6 ಅಂತ ಬರೆಯುತ್ತೇನೆ. ‘ಈ ಮೂರು ಸಂಖ್ಯೆ ಒಂದು ನಿಯಮ ಪಾಲಿಸುತ್ತವೆ. ನಿಯಮ ಏನು ಅಂತ ಕಂಡುಹಿಡಿಯಿರಿ. ನೀವು ಬೇರೆ ಮೂರು ಸಂಖ್ಯೆ ಹೇಳಿ, ನಿಯಮಕ್ಕೆ ಹೊಂದುತ್ತದೋ ಇಲ್ಲವೋ ಅಂತ ಮಾತ್ರ ನಾನು ಹೇಳುತ್ತೇನೆ’ ಅನ್ನುತ್ತೇನೆ.

ತಕ್ಷಣ ಶುರು. 8, 10, 12? ಹೊಂದುತ್ತದೆ. 20, 22, 24? ಹೊಂದುತ್ತದೆ. 100, 102, 104? ಅದೂ ಸರಿ. ಹಿಂದಿನ ಬೆಂಚಿನಿಂದ ಕೂಗು ಬರುತ್ತದೆ: ‘ಎರಡೆರಡು ಕೂಡ್ಸ್ಕೊಂತ ಹೋಗೋದ್ರಿ!’ ತಪ್ಪು ಅನ್ನುತ್ತೇನೆ. ಎಲ್ಲರ ಮುಖ ಇಳಿಯುತ್ತದೆ. ನಿಯಮ ಇಷ್ಟೇ: ಸಂಖ್ಯೆಗಳು ಸಣ್ಣದರಿಂದ ದೊಡ್ಡದಕ್ಕೆ ಹೋಗಬೇಕು. 1, 7, 950 ಅಂದಿದ್ದರೂ ಹೊಂದುತ್ತಿತ್ತು. ಆದರೆ ಯಾರೂ ಕೇಳಲಿಲ್ಲ. ತಮ್ಮ ಊಹೆಗೆ ‘ಹೌದು’ ಬರುವ ಪ್ರಶ್ನೆಯನ್ನೇ ಎಲ್ಲರೂ ಕೇಳಿದರು. ‘ಇಲ್ಲ’ ಬರಬಹುದಾದ ಪ್ರಶ್ನೆ ಒಂದೂ ಬರಲಿಲ್ಲ.

ವೇಸನ್ ಪ್ರಯೋಗದಲ್ಲಿ ಇದ್ದ 29 ಜನರಲ್ಲಿ ಮೊದಲ ಉತ್ತರಕ್ಕೇ ನಿಯಮ ಸರಿಯಾಗಿ ಹೇಳಿದವರು 6 ಜನ. ಅವರು ಲಂಡನ್ನಿನ ಕಾಲೇಜು ಹುಡುಗರು. ಆದ್ದರಿಂದ ಇದನ್ನು ನಮ್ಮ ಭಾಗದ ಹಿಂದುಳಿದಿರುವಿಕೆಯ ಖಾತೆಗೆ ಹಾಕಬೇಡಿ. ಮನುಷ್ಯನ ತಲೆ ಇರುವುದೇ ಹೀಗೆ. ತನ್ನ ಮಾತಿಗೆ ಸಾಕ್ಷಿ ಹುಡುಕುವುದು ಅದಕ್ಕೆ ಸಲೀಸು, ತನ್ನ ಮಾತು ತಪ್ಪಿರಬಹುದೇ ಅಂತ ನೋಡುವುದು ಹಿಂಸೆ. ವಿಮರ್ಶಾತ್ಮಕ ಚಿಂತನೆ ಅಂದರೆ ಎದುರಿಗಿರುವವರ ತಪ್ಪು ಹುಡುಕುವುದು ಅಂತ ಹುಡುಗರು ತಿಳಿದಿರುತ್ತಾರೆ. ಅದರ ಅರ್ಧಕ್ಕಿಂತ ಜಾಸ್ತಿ ಕೆಲಸ ಇರುವುದು ನಮ್ಮ ಸ್ವಂತ ಊಹೆಯ ಮೇಲೆ.

ಇಲ್ಲಿ ಇನ್ನೊಂದು ಕಾಟ ಇದೆ. ಒಂದೆರಡು ಸಲ ಮೋಸ ಹೋದ ಹುಡುಗರು ‘ಎಲ್ಲಾ ಸುಳ್ಳು ರೀ, ಎಲ್ಲಾರೂ ದುಡ್ಡು ತಗೊಂಡು ಹೇಳ್ತಾರ’ ಅನ್ನೋ ಕಡೆಗೆ ವಾಲುತ್ತಾರೆ. ಪೇಪರ್ ಸುಳ್ಳು, ಡಾಕ್ಟರ್ ಸುಳ್ಳು, ವಿಜ್ಞಾನಿ ಸುಳ್ಳು. ಕೇಳಲು ಬಹಳ ಜಾಣತನ ಅನಿಸುತ್ತದೆ. ನನ್ನ ಲೆಕ್ಕದಲ್ಲಿ ಇದು ಎಲ್ಲವನ್ನೂ ನಂಬುವಷ್ಟೇ ಸೋಮಾರಿತನ. ಎರಡರಲ್ಲೂ ಪರೀಕ್ಷೆ ಮಾಡುವ ಕೆಲಸ ತಪ್ಪುತ್ತದೆ, ಅಲ್ವಾ?

ಕೋಟೆಯ ಮಣ್ಣೇ ಆಗಬೇಕೇ?

ಬೀದರ್‌ನ ಬಿದ್ರಿ ಕೆಲಸ ಎಲ್ಲರಿಗೂ ಗೊತ್ತು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಕೆತ್ತಿ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಸೇರಿಸಿ, ಪಾತ್ರೆಗೆ ಬಿಸಿಯಲ್ಲಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಬಿಸಿಲು ಮಳೆ ಕಾಣದ ಕೋಟೆಯ ಮಣ್ಣೇ ಆಗಬೇಕು, ಬೇರೆ ಮಣ್ಣಿಗೆ ಆ ಕಪ್ಪು ಬರುವುದಿಲ್ಲ ಅಂತ ಹೇಳುತ್ತಾರೆ. ಕಸಬುದಾರರು ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ.

ಇದನ್ನು ಕೇಳಿದ ಹುಡುಗರು ಎರಡು ಗುಂಪಾಗುತ್ತಾರೆ. ‘ನಮ್ಮ ಹಿರ್‍ಯಾರು ಸುಮ್ನೆ ಹೇಳಿಲ್ಲ’ ಅನ್ನೋದು ಒಂದು ಗುಂಪು. ‘ಇದೆಲ್ಲಾ ಮಾರ್ಕೆಟಿಂಗ್’ ಅನ್ನೋದು ಇನ್ನೊಂದು. ಇಬ್ಬರಿಗೂ ನನ್ನದು ಒಂದೇ ಪ್ರಶ್ನೆ: ಪರೀಕ್ಷೆ ಮಾಡಬೇಕಾದರೆ ಏನು ಮಾಡುತ್ತೀರಿ?

ಮೊದಲ ಉತ್ತರ, ಹೊಲದ ಮಣ್ಣು ತಂದು ಹಚ್ಚಿ ನೋಡೋಣ ಅಂತ. ಒಳ್ಳೆಯದು, ಆದರೆ ಸಾಲದು. ಕಪ್ಪಾಗಲಿಲ್ಲ ಅಂತಿಟ್ಟುಕೊಳ್ಳಿ. ತಪ್ಪು ಮಣ್ಣಿನದೋ, ಲೋಹದ್ದೋ, ಬಿಸಿ ಕಡಿಮೆಯಾಯಿತೋ, ನವಸಾಗರ ಜಾಸ್ತಿ ಬಿತ್ತೋ? ಅದಕ್ಕೇ ಒಂದೇ ಎರಕದ ತುಂಡುಗಳು ಬೇಕು. ನವಸಾಗರ ಅಷ್ಟೇ ಬೇಕು, ಬಿಸಿ ಅಷ್ಟೇ, ಹೊತ್ತು ಅಷ್ಟೇ. ಮಣ್ಣೊಂದು ಮಾತ್ರ ಬೇರೆ ಬೇರೆ. ಕೋಟೆಯ ಮಣ್ಣು, ಹೊಲದ ಮಣ್ಣು, ಹಳೆ ಮನೆಯ ಗೋಡೆಯ ಮಣ್ಣು. ಇನ್ನೊಂದು ತುಂಡಿಗೆ ಮಣ್ಣೇ ಇಲ್ಲದೆ ಬರೀ ನವಸಾಗರ. ಈ ಕೊನೆಯದನ್ನು ಹುಡುಗರು ಯಾವಾಗಲೂ ಬಿಡುತ್ತಾರೆ. ಮಣ್ಣಿಲ್ಲದೆಯೂ ಅಷ್ಟೇ ಕಪ್ಪಾದರೆ ಮಣ್ಣಿನ ಮಾತೇ ಬಿದ್ದುಹೋಗುತ್ತದೆ, ಹಾಗಾಗಿ ಅದು ಬೇಕೇ ಬೇಕು.

ಇನ್ನು ಯಾವುದು ಹೆಚ್ಚು ಕಪ್ಪು ಅಂತ ತೀರ್ಮಾನ ಮಾಡುವವರು ಯಾರು? ಅವರಿಗೆ ಯಾವ ತುಂಡಿಗೆ ಯಾವ ಮಣ್ಣು ಅಂತ ಗೊತ್ತಿರಬಾರದು. ಹಿಂದೆ ನಂಬರ್ ಬರೆದು ಕೊಡಬೇಕು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನು ನೋಡುತ್ತದೆ. ಒಂದೊಂದು ಮಣ್ಣಿಗೂ ಒಂದೇ ತುಂಡು ಸಾಲದು, ನಾಲ್ಕಾರು ಬೇಕು. ರುಚಿ ನೋಡುವ ಕಸಬುದಾರರನ್ನೂ ಹೀಗೇ ಕೇಳಬಹುದು. ಹೆಸರಿಲ್ಲದ ಪೊಟ್ಟಣಗಳಲ್ಲಿ ಮಣ್ಣು ಕೊಟ್ಟು, ಯಾವುದು ಕೆಲಸಕ್ಕೆ ಬರುತ್ತದೆ ಅಂತ ಹೇಳಿಸಿ, ಆಮೇಲೆ ಹಚ್ಚಿ ನೋಡುವುದು. ಅವರು ಗೆಲ್ಲುತ್ತಾರೆ ಅಂತಲೇ ನನಗನಿಸುತ್ತದೆ. ಆ ಮಣ್ಣಿನಲ್ಲಿ ನೈಟ್ರೇಟ್ ಲವಣ ಇರುತ್ತದೆ, ಕಪ್ಪಾಗುವುದಕ್ಕೆ ಅದು ನೆರವಾಗುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಲವಣವನ್ನು ನಾಲಿಗೆ ಗುರುತಿಸುವುದರಲ್ಲಿ ಆಶ್ಚರ್ಯ ಇಲ್ಲ. ಪ್ರಯೋಗಾಲಯ ಇಲ್ಲದ ಕಾಲದಲ್ಲಿ ಅವರ ನಾಲಿಗೆಯೇ ಪ್ರಯೋಗಾಲಯವಾಗಿತ್ತು. ಆದರೆ ನೈಟ್ರೇಟ್ ಇರುವ ಬೇರೆ ಮಣ್ಣಿಗೂ ಅದೇ ಕಪ್ಪು ಬರುತ್ತದೆಯೇ? ನೋಡಿದಿರಾ, ಹೊಸ ಪ್ರಶ್ನೆ ಹುಟ್ಟಿತು.

ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ತೊಗರಿಗೆ ಮಾಡುವುದೂ ಇದನ್ನೇ. ಹೊಲವನ್ನು ಸಣ್ಣ ಸಣ್ಣ ಮಡಿಗಳಾಗಿ ಹಂಚಿ, ಯಾವ ತಳಿ ಯಾವ ಮಡಿಗೆ ಅಂತ ಚೀಟಿ ಎತ್ತಿದಂತೆ ಆರಿಸಿ, ಒಂದೊಂದನ್ನೂ ಹಲವು ಕಡೆ ಬಿತ್ತುತ್ತಾರೆ. ಮಣ್ಣಿನ ಗುಣ ಒಂದೇ ಹೊಲದಲ್ಲೂ ಬದಲಾಗುತ್ತದಲ್ಲ, ಅದಕ್ಕೆ. ಗಿಡ ಬಾಡಿ ಒಣಗುವ ನೆಟೆ ರೋಗ ತಡೆಯುವ ಟಿಎಸ್-3ಆರ್ ತಳಿ ಬಂದದ್ದು ಇದೇ ಕೇಂದ್ರದಿಂದ. ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ತೊಗರಿ ಬೆಳೆಯುವ ಮನೆಯವರು. ‘ಅಂಗಡಿಯವ್ರು ಕೊಟ್ಟ ಎಣ್ಣಿ (ಕೀಟನಾಶಕ) ಹೊಡದ್ವಿ, ಬೆಳಿ ಉಳೀತು’ ಅನ್ನುತ್ತಾರೆ. ಎಣ್ಣೆ ಹೊಡೆಯದೆ ಬಿಟ್ಟ ಸಾಲು ಎಷ್ಟು ಉಳಿಯಿತು ಅಂದರೆ ಉತ್ತರ ಇಲ್ಲ, ಯಾಕೆಂದರೆ ಸಾಲು ಬಿಟ್ಟಿರುವುದಿಲ್ಲ. ಬಡ ರೈತ ಬೆಳೆ ಪಣಕ್ಕಿಟ್ಟು ಪ್ರಯೋಗ ಮಾಡಲಿ ಅನ್ನುವುದು ನನಗೆ ಸುಲಭ. ಅದಕ್ಕೇ ಸರ್ಕಾರಿ ಕೇಂದ್ರಗಳು ಬೇಕಾಗುವುದು.

ಕೊನೆಯ ಸ್ಥಾನದ ಸುದ್ದಿ

ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ನಮ್ಮ ಜಿಲ್ಲೆಗಳ ಹೆಸರು ಪಟ್ಟಿಯ ಬುಡದಲ್ಲಿ ಇರುತ್ತದೆ. 2024ರಲ್ಲಿ ಯಾದಗಿರಿ ಶೇ 50.59, ಕೊನೆಯ ಸ್ಥಾನ. 2025ರಲ್ಲಿ ಕಲಬುರಗಿ ಶೇ 42.43, ಕೊನೆಯ ಸ್ಥಾನ. ಅದೇ ವರ್ಷ ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇ 91.12. ನಮ್ಮ ಹುಡುಗರು ಈ ಅಂಕಿ ನೋಡಿ ತಲೆ ತಗ್ಗಿಸುತ್ತಾರೆ, ಇಲ್ಲಾ ರೇಗುತ್ತಾರೆ. ಅಂಕಿಯನ್ನು ಪ್ರಶ್ನೆ ಕೇಳುವವರು ಕಡಿಮೆ.

ಇಡೀ ರಾಜ್ಯದ ಲೆಕ್ಕ ತೆಗೆದುಕೊಳ್ಳಿ. 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಆ ವರ್ಷ ಕೃಪಾಂಕ ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರೇ? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕ್ಯಾಮೆರಾ ಕಣ್ಣಿನ ಕೆಳಗೆ ನಕಲು ಕಷ್ಟವಾಯಿತು. ಕಲಿಕೆ ಕುಸಿಯಿತು ಅನ್ನುವುದಕ್ಕಿಂತ ಅಳೆಯುವ ಕೋಲು ಬದಲಾಯಿತು ಅನ್ನುವುದು ಹತ್ತಿರದ ಮಾತು. ಹಾಗಾಗಿ ಹಿಂದಿನ ವರ್ಷಗಳ ಜೊತೆ ನೇರ ಹೋಲಿಕೆ ಮಾಡುವಂತಿಲ್ಲ.

ಆದರೆ ಹುಷಾರು. ಇದನ್ನು ಕೇಳಿದ ಕೂಡಲೇ ನಮ್ಮವರು ‘ನೋಡ್ರಿ, ನಮ್ದೇನೂ ತಪ್ಪಿಲ್ಲ’ ಅಂತ ಖುಷಿಯಾಗುತ್ತಾರೆ. 2, 4, 6ರ ಆಟ ಮತ್ತೆ ಶುರು! ದಕ್ಷಿಣ ಕನ್ನಡಕ್ಕೂ ಅದೇ ಕ್ಯಾಮೆರಾ ಇತ್ತು. ಅಂತರ ನಿಜ. ಅದಕ್ಕೆ ಕಾರಣ ಏನು ಅನ್ನುವುದು ಬೇರೆ ಪ್ರಶ್ನೆ: ಶಿಕ್ಷಕರ ಖಾಲಿ ಹುದ್ದೆಯೇ, ಹತ್ತಿ ಬಿಡಿಸುವ ದಿನಗಳ ಗೈರುಹಾಜರಿಯೇ, ಮನೆಯವರ ಜೊತೆ ಗುಳೆ ಹೋಗುವುದೇ, ಪ್ರಾಥಮಿಕ ಶಾಲೆಯಲ್ಲೇ ಓದು ಕೂರದಿರುವುದೇ? ಒಂದು ಶೇಕಡಾವಾರು ಇದ್ಯಾವುದನ್ನೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಇದು ಈ ಭಾಗದ ಯುವಕರು ಕೈ ಹಾಕಬೇಕಾದ ಮೊದಲ ಸಂಶೋಧನೆ. ಆ ಕೊಠಡಿಯಲ್ಲಿ ಕೂತು ಬರೆದವರು ಅವರೇ ತಾನೇ?

ಸುದ್ದಿಗೆ ಕಾಲು ಬಂದಾಗ

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ಅಂತ ಈಗಿನ ಡಿಗ್ರಿ ಹುಡುಗರಲ್ಲಿ ಹಲವರಿಗೆ ಗೊತ್ತಿಲ್ಲ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಹರಿಯಿತು. ಕಾರಿಗಿಂತ ಮುಂಚೆ ಸುದ್ದಿ ಮುಂದಿನ ಊರು ತಲುಪಿತ್ತು. ಜನ ದಾರಿ ಅಡ್ಡ ಹಾಕಿ ಹೊಡೆದರು. ಒಬ್ಬ ಯುವಕ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಆ ವರ್ಷ ದೇಶದ ಹಲವು ಕಡೆ ಇಂಥ ಕೊಲೆಗಳು ನಡೆದವು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಪ್ರಕಟಿಸಿತು.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ಇರುವ ಮಕ್ಕಳನ್ನು ಕುತ್ತಿಗೆವರೆಗೆ ಹೂತಿಟ್ಟರು. ವಾಸಿಯಾಗುತ್ತದೆ ಎಂಬ ನಂಬಿಕೆ. ಆ ತಂದೆತಾಯಿಯನ್ನು ನೋಡಿ ನಗುವುದು ಸುಲಭ. ಆಸ್ಪತ್ರೆಗೆ ತಿರುಗಿ ಸೋತವರು ಏನನ್ನಾದರೂ ಹಿಡಿಯುತ್ತಾರೆ. ಕೇಳಬೇಕಾದ್ದು ಸುದ್ದಿ ತಂದವರನ್ನು: ಹಿಂದಿನ ಗ್ರಹಣಗಳಲ್ಲಿ ಎಷ್ಟು ಮಕ್ಕಳನ್ನು ಹೂತಿದ್ದಿರಿ, ಅದರಲ್ಲಿ ಎಷ್ಟು ಮಂದಿ ಎದ್ದು ನಡೆದರು, ನಡೆಯದವರ ಲೆಕ್ಕ ಎಲ್ಲಿ? ವಾಸಿಯಾದ ಒಬ್ಬರ ಕಥೆ ಹತ್ತೂರು ಸುತ್ತುತ್ತದೆ. ವಾಸಿಯಾಗದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಬಾಬಾಗಳ ಖ್ಯಾತಿಯಿಂದ ಹಿಡಿದು ಕೋಚಿಂಗ್ ಸೆಂಟರ್ ಬ್ಯಾನರ್ ಮೇಲಿನ ಫೋಟೋಗಳವರೆಗೆ ಇದೇ ಲೆಕ್ಕ. ಬ್ಯಾನರ್‌ನಲ್ಲಿ ಪಾಸಾದ ಇಪ್ಪತ್ತು ಮುಖ ಇರುತ್ತವೆ. ಸೇರಿದವರು ಎಷ್ಟು ಅಂತ ಇರುವುದಿಲ್ಲ.

ಓದಿದವರು ಇದರಿಂದ ಪಾರು ಅಂತ ತಿಳಿಯಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್, ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಹೊರತಂದರು. 10 ಇತಿಹಾಸ ಪ್ರಾಧ್ಯಾಪಕರು, ಸುದ್ದಿಯ ಸತ್ಯಾಸತ್ಯ ಪರೀಕ್ಷಿಸುವುದೇ ಕೆಲಸವಾದ 10 ಫ್ಯಾಕ್ಟ್‌ಚೆಕರ್‌ಗಳು, 25 ವಿದ್ಯಾರ್ಥಿಗಳು. ಕೆಲವು ವೆಬ್‌ಸೈಟ್ ಕೊಟ್ಟು, ನಂಬಬಹುದೇ ಹೇಳಿ ಅಂದರು. ಪಿಎಚ್‌ಡಿ ಆದ ಪ್ರಾಧ್ಯಾಪಕರಲ್ಲೂ ಹಲವರು ಎಡವಿದರು. ಅವರು ಪುಟದೊಳಗೇ ಕೂತು ಲೋಗೋ, ಅಂದ, ಭಾಷೆ ನೋಡುತ್ತಿದ್ದರು. ಫ್ಯಾಕ್ಟ್‌ಚೆಕರ್‌ಗಳು ಬಂದ ಕೂಡಲೇ ಆ ಪುಟ ಬಿಟ್ಟು ಹೊರಟರು. ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಬೇಗನೆ, ಸರಿಯಾಗಿ ಕಂಡುಹಿಡಿದರು. ಹೆಣ್ಣು ನೋಡಲು, ಗಂಡು ನೋಡಲು ಹೋಗುವ ಮುಂಚೆ ನಮ್ಮ ಮನೆಯವರು ಮಾಡುವುದೂ ಇದೇ ತಾನೇ? ಅವರ ಮನೆಯಲ್ಲಿ ಕೇಳುವುದಿಲ್ಲ, ಓಣಿಯಲ್ಲಿ ಕೇಳುತ್ತಾರೆ.

ಚಾಟ್‌ಜಿಪಿಟಿಗೂ ಇದೇ ಮಾತು. ಹಿಂದೆ ವಿಶ್ವವಿದ್ಯಾಲಯದ ಆಸುಪಾಸಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ರೆಡಿ ಸಿಗುತ್ತಿತ್ತು. ಈಗ ಫೋನಿನಲ್ಲೇ ಸಿಗುತ್ತದೆ. ಅದು ಮುಂದಿನ ಪದ ಯಾವುದಿರಬಹುದು ಅಂತ ಲೆಕ್ಕ ಹಾಕುತ್ತಾ ಬರೆಯುವ ಯಂತ್ರ. ಹಾಗಾಗಿ ಒಮ್ಮೊಮ್ಮೆ ಇಲ್ಲದ ಪುಸ್ತಕದ ಹೆಸರನ್ನೂ ಸಲೀಸಾಗಿ ಬರೆದುಬಿಡುತ್ತದೆ. ಕೇಳಿ, ತಪ್ಪಿಲ್ಲ. ಆದರೆ ಅದು ಹೇಳಿದ ಪುಸ್ತಕ ಲೈಬ್ರರಿಯಲ್ಲಿ ಇದೆಯೇ ನೋಡಿ. ಇನ್ನು ನಕಲಿನ ಮಾತು. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯ 2018ರ ನಿಯಮದಲ್ಲಿ, ಬೇರೆಯವರ ಬರಹದ ಜೊತೆ ಶೇ 10ರವರೆಗಿನ ಹೋಲಿಕೆಗೆ ದಂಡ ಇಲ್ಲ. ಅದನ್ನೇ ಹಿಡಿದು ‘ಸಾಫ್ಟ್‌ವೇರ್ ಪಾಸಾಯ್ತಲ್ರಿ’ ಅನ್ನುವವರಿದ್ದಾರೆ. ಪದ ಬದಲಿಸಿದ ಮಾತ್ರಕ್ಕೆ ಯೋಚನೆ ನಮ್ಮದಾಗುವುದಿಲ್ಲ.

ಹುಡುಗರು ಕೇಳುವುದಿಲ್ಲ ಯಾಕೆ

ಬೈಯುವ ಮುಂಚೆ ಅವರ ಜಾಗದಲ್ಲಿ ನಿಂತು ನೋಡಬೇಕು. ಇಂಟರ್ನಲ್ ಮಾರ್ಕ್ಸ್ ನಮ್ಮ ಕೈಯಲ್ಲಿವೆ. ಎದ್ದು ನಿಂತು ‘ಹೆಂಗ ಗೊತ್ತಾಯ್ತ್ರಿ?’ ಅಂದರೆ ಕೆಲವು ಕ್ಲಾಸುಗಳಲ್ಲಿ ಉತ್ತರ ಒಂದೇ: ‘ಭಾಳ ಶಾಣ್ಯಾ ಆಗೀಯೇನು? ಕೂಡು.’ ಹುಡುಗಿಯರಿಗೆ ಇದು ಇನ್ನೂ ಜಾಸ್ತಿ, ಮನೆಯಲ್ಲೂ. ಬಸವಕಲ್ಯಾಣದ ಅನುಭವ ಮಂಟಪದಲ್ಲಿ ಎಲ್ಲ ಜಾತಿಯ ಗಂಡಸರು ಹೆಂಗಸರು ಕೂತು ಚರ್ಚೆ ಮಾಡಿದರು ಅಂತ ನಾವು ವೇದಿಕೆ ಮೇಲೆ ಭಾಷಣ ಮಾಡುತ್ತೇವೆ. ಭಾಷಣ ಮುಗಿದ ಮೇಲೆ ಪ್ರಶ್ನೆಗೆ ಸಮಯ ಇಲ್ಲ ಅನ್ನುತ್ತೇವೆ.

ಇನ್ನೊಂದು ಕಡೆ ಹೊಟ್ಟೆಪಾಡು. ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುತ್ತಿರುವ ಹುಡುಗನಿಗೆ ಎಫ್‌ಡಿಎ, ಪಿಎಸ್‌ಐ, ಶಿಕ್ಷಕರ ನೇಮಕಾತಿ ಮುಖ್ಯ. ಅಲ್ಲಿ ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕಬೇಕು. ‘ಇದು ಇನ್ನೂ ತೀರ್ಮಾನವಾಗಿಲ್ಲ’ ಎಂಬ ಆಯ್ಕೆ ಅಲ್ಲಿಲ್ಲ. ಪಿಎಚ್‌ಡಿ ಮಾಡುವವರಲ್ಲೂ ಕೆಲವರು ಫೆಲೋಶಿಪ್‌ಗಾಗಿ ಬರುತ್ತಾರೆ ಅಂತ ಹಿರಿಯರು ಮೂಗು ಮುರಿಯುತ್ತಾರೆ. ನೆಟ್‌ನಲ್ಲಿ ಆಯ್ಕೆಯಾದವರಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಈ ಜಿಲ್ಲೆಗಳಲ್ಲಿ ಅಷ್ಟು ಸಂಬಳದ ಕೆಲಸ ಎಷ್ಟಿವೆ? ದುಡ್ಡಿಗಾಗಿ ಬಂದವರು ಒಳ್ಳೆಯ ಕೆಲಸ ಮಾಡಬಾರದು ಅಂತೇನೂ ಇಲ್ಲ. ನಾವೂ ಸಂಬಳಕ್ಕೇ ಪಾಠ ಮಾಡುತ್ತೇವೆ.

ನನ್ನ ತಕರಾರು ಬೇರೆ. ಪ್ರಾಜೆಕ್ಟ್ ವಿಷಯ ಆರಿಸುವಾಗ ನಮ್ಮ ಹುಡುಗರಿಗೆ ಜಾಗತೀಕರಣವೇ ಬೇಕು, ಬೆಂಗಳೂರಿನ ಸ್ಟಾರ್ಟಪ್ ಬೇಕು. ಕಾಲ ಕೆಳಗಿನ ನೆಲ ವಿಷಯ ಅನಿಸುವುದಿಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕಥೆ ನೋಡಿ. ಹತ್ತಿರದಲ್ಲೇ ಮಂಗಳೂರು ಎಂಬ ಊರಿದೆ (ಕರಾವಳಿಯದಲ್ಲ), ಅಲ್ಲಿ ಹಳೆಯ ಚಿನ್ನದ ಗಣಿ ಇತ್ತು. ತಾಂಡಾದ ಜನರ ಚರ್ಮದ ಮೇಲೆ ಕಲೆ, ಅಂಗೈ ಅಂಗಾಲಲ್ಲಿ ಗಟ್ಟಿ ಗಂಟು. ನೀರು ನೋಡಲು ತಿಳಿ. ಆರ್ಸೆನಿಕ್‌ಗೆ ಬಣ್ಣ ಇಲ್ಲ, ರುಚಿ ಇಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು. ಚಿನ್ನದ ಅದಿರಿರುವ ಬಂಡೆಗಳಲ್ಲಿ ಆರ್ಸೆನಿಕ್ ಇರುವುದು ಸಾಮಾನ್ಯ. ನೀರಿನ ಮಾದರಿ, ಜನರ ಕೂದಲು, ಉಗುರಿನ ಮಾದರಿ ಪರೀಕ್ಷೆಗೆ ಹೋದ ಮೇಲೆ ಇದು ಆರ್ಸೆನಿಕ್ ವಿಷ ಅಂತ ಗೊತ್ತಾಯಿತು.

ಇಂಥದ್ದಕ್ಕೆ ಬಿಎಸ್ಸಿ ಹುಡುಗರೇ ಕೈ ಹಾಕಬಹುದು. ಜಲಜೀವನ್ ಮಿಷನ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ವ್ಯವಸ್ಥೆಯೂ ಅದರಲ್ಲಿದೆ. ಫ್ಲೋರೈಡ್, ನೈಟ್ರೇಟ್, ಗಡಸುತನ ಎಲ್ಲ ಅದರಲ್ಲಿ ನೋಡಬಹುದು. ಆರ್ಸೆನಿಕ್ ಖಚಿತವಾಗಿ ಅಳೆಯಲು ಪ್ರಯೋಗಾಲಯ ಬೇಕು. ಒಂದು ಕ್ಲಾಸಿನ ಹುಡುಗರು ತಮ್ಮ ತಮ್ಮ ಊರಿನ ಬೋರ್‌ವೆಲ್ ನೀರನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ನೋಡಲಿ. ಬೋರ್ ಎಷ್ಟು ಆಳ, ಯಾವ ದಿನ ತಂದದ್ದು, ಬಾಟಲಿ ತೊಳೆದಿದ್ದರೋ ಇಲ್ಲವೋ, ಎಲ್ಲ ಬರೆದಿಡಲಿ. ಒಂದೇ ಮಾದರಿಯನ್ನು ಇಬ್ಬರು ಒಬ್ಬರಿಗೊಬ್ಬರು ಹೇಳದೆ ಪರೀಕ್ಷಿಸಲಿ. ಇಬ್ಬರ ಅಂಕಿ ಬೇರೆ ಬಂದರೆ ಅದನ್ನೂ ಅಳಿಸದೆ ಹಾಗೇ ಬರೆಯಲಿ. ವೈವಾದಲ್ಲಿ ನಾನು ಮೊದಲು ಕೇಳುವುದು ಆ ಸಾಲಿನ ಬಗ್ಗೆಯೇ.